ವಿನೋದನ ತುಟಿ, ನನ್ನ ದನಿ

ಆಗಸ್ಟ್ 12, ಸೋಮವಾರ

ಮೀನಿನ ಹರಾಜು ಒಂಬತ್ತಕ್ಕೇ ಮುಗಿಯಿತು. ಬಂಗಡೆ ಕಡಿಮೆ, ಕೊಳ್ಳುವವರು ಜಾಸ್ತಿ. ಕೂಗಿ ಕೂಗಿ ಗಂಟಲು ಕಟ್ಟಿದೆ. ಹೊನ್ನಾವರ ಬಂದರಿನಲ್ಲಿ ಹದಿನಾಲ್ಕು ವರ್ಷದಿಂದ ಇದೇ ಕೆಲಸ — ಕೂಗುವುದು.

ಐಸ್ ಲಾರಿಯ ಹತ್ತಿರ ನಾಲ್ಕೈದು ಜನ ಒಂದು ಮೊಬೈಲ್ ಸುತ್ತ ನಿಂತು ನಗುತ್ತಿದ್ದರು. ದಾಟಿ ಹೋಗುತ್ತಿದ್ದೆ. ಮೊಬೈಲಿನೊಳಗಿಂದ ನನ್ನದೇ ದನಿ, ಹದಿನೈದು ವರ್ಷ ಹಿಂದಿನದು: "ಸಾವಿಗೇ ಈಜು ಕಲಿಸಿದವನು ನಾನು!"

ನಗು. ಮತ್ತೊಮ್ಮೆ ಹಾಕಿದರು.

ತಿರುಗಿ ನೋಡಲಿಲ್ಲ. ಬೈಕ್ ಅಲ್ಲೇ ಬಿಟ್ಟು ನಡೆದೇ ಮನೆಗೆ ಬಂದೆ. ಮನೆ ಮುಟ್ಟಿದ ಮೇಲೆ ಬೈಕಿನ ನೆನಪಾಯಿತು.

ಆಗಸ್ಟ್ 13

ನಮ್ಮ ಪಿಕ್ಚರೇ. ‘ಡೈನಮೈಟ್ ದಾಮೋದರ’. ಯಾರೋ ಹಳೇ ಸಿ.ಡಿ. ಹುಡುಕಿ ಪಿಕ್ಚರನ್ನು ತುಂಡು ತುಂಡು ಮಾಡಿ ಇಂಟರ್‌ನೆಟ್ಟಿಗೆ ಹಾಕಿದ್ದಾರೆ. ಆರು ಲಕ್ಷ ಜನ ನೋಡಿದ್ದಾರಂತೆ. ಆಗ ಲೋಕಲ್ ಕೇಬಲ್ಲಿನಲ್ಲಿ ಬಂದಾಗ ಅರವತ್ತು ಜನ ನೋಡಿದ್ದರೋ ಇಲ್ಲವೋ.

ಕುಮಟೆಯ ಟಾಕೀಸಿನಲ್ಲಿ ನೋಡಿದ ಫೈಟಿಂಗ್ ಪಿಕ್ಚರುಗಳನ್ನೆಲ್ಲ ಕಲಸಿ ಕಥೆ ಬರೆದವನು ನಾನು. ಡೈರೆಕ್ಟರೂ ನಾನೇ. ಹೀರೋ ವಿನೋದ — ನನ್ನ ಗೆಳೆಯ, ಮಾವಿನಕುರ್ವೆಯವ, ದೋಣಿ ಕೆಲಸ. ಹೀರೋಗೆ ಉದ್ದ ಕೂದಲು ಬೇಕೆಂದು ವಿಗ್. ಕ್ಯಾಮರಾ ಶಿರಾಲಿಯ ಪಾಂಡು. ಮದುವೆ ವೀಡಿಯೊ ಮಾಡುವವ, ಹಾಗಾಗಿ ಹೊಡೆದಾಟದ ನಡುವೆಯೂ ಹೀರೋನ ಮುಖದ ಸುತ್ತ ಹೃದಯದ ಆಕಾರ ಬರುತ್ತದೆ. ಇಂಟರ್‌ನ್ಯಾಷನಲ್ ಡಾನ್ ಆದವನು ಮೆಡಿಕಲ್ ಶಾಪಿನ ಮಹಾಗಣಪತಿ. ಕೋಟು ಸಿಕ್ಕಿತು, ಶೂ ಕಚ್ಚಿತು, ಕೊನೆಗೆ ಹವಾಯಿ ಚಪ್ಪಲಿ. ದುಬೈ ಎಂದರೆ ಭಟ್ಕಳದ ಒಂದು ಅತ್ತರಿನ ಅಂಗಡಿ. ಗುದ್ದು ತಿಂದ ವಿಲನ್ ಬಿದ್ದು, ಎದ್ದು, ಮೈ ಕೊಡವಿಕೊಂಡ ಮೇಲೆ "ಢಿಶುಂ" ಸದ್ದು.

ಆಗ ನಮ್ಮಲ್ಲಿ ಯಾರೂ ನಕ್ಕಿರಲಿಲ್ಲ. ಅಷ್ಟು ಶ್ರದ್ಧೆ.

ಆಗಸ್ಟ್ 15

ಎಲ್ಲರೂ ನೋಡುತ್ತಿರುವ ತುಂಡು ನಲವತ್ತು ಸೆಕೆಂಡಿನದು. ಶರಾವತಿಯ ಅಳಿವೆಯಲ್ಲಿ ಎರಡು ದೋಣಿ. ವಿನೋದ ಒಂದರಿಂದ ಇನ್ನೊಂದಕ್ಕೆ ಹಾರುತ್ತಾನೆ. ಕಾಲು ಜಾರಿ, ದೋಣಿಯ ಅಂಚಿಗೆ ತಲೆ ಬಡಿದು, ನೀರಿಗೆ. ವಿಗ್ ಮಾತ್ರ ಮೇಲೆ ತೇಲುತ್ತದೆ. ಹತ್ತು ಮಾರು ಆಚೆ ಅವನ ಗಿಡ್ಡ ಕೂದಲಿನ ತಲೆ ಏಳುತ್ತದೆ. ಕ್ಯಾಮರಾ ಕಡೆ ನೋಡಿ ಏನೋ ಹೇಳುತ್ತಾನೆ. ಆಗ ನನ್ನ ದನಿ, ಆ ಡೈಲಾಗ್. ದನಿ ನಿಂತ ಮೇಲೂ ತುಟಿ ಆಡುತ್ತಲೇ ಇರುತ್ತದೆ. ಜನ ನಗುವುದು ಅದಕ್ಕೇ.

ಕೆಳಗೆ ಯಾರೋ ಕೇಳಿದ್ದಾರೆ: "ಅಣ್ಣ ನಿಜವಾಗ್ಲೂ ಹೇಳ್ತಿರೋದು ಏನು? ಗೆಸ್ ಮಾಡಿ." ಸಾವಿರಾರು ಉತ್ತರ. "ನನ್ನ ಕೂದಲು ಹಿಡೀರೋ." "ಇಲ್ಲಿ ನೆಟ್‌ವರ್ಕ್ ಇಲ್ಲ." "ಅಮ್ಮಾ, ಏಡಿ ಚಡ್ಡಿಯೊಳಗೆ ಹೋಯ್ತು."

ಏಡಿಯದು ಓದಿ ನಕ್ಕುಬಿಟ್ಟೆ. ಜೋರಾಗಿ. ಒಳಗಿನಿಂದ ಹೆಂಡತಿ ಸುಚಿತಾ, "ಎಂತಾತು?"

ಏನೂ ಇಲ್ಲ ಅಂದೆ. ಹೊರಗೆ ಹೋಗಿ ಬಾಯಿ ಮುಕ್ಕಳಿಸಿದೆ.

ಆಗಸ್ಟ್ 16

ಯಾರಿಗೂ ಹೇಳಿಲ್ಲ. ಸುಚಿತಾಗೂ. ಇಲ್ಲಿ ಬರೆದರೆ… ಬರೆಯುತ್ತೇನೆ.

ಕ್ಯಾಮರಾ ಇದ್ದ ದೋಣಿಯ ಮೂತಿಯಲ್ಲಿ ಕೂತಿದ್ದೆ. ಹಿಂದೆ ಎಂಜಿನ್ ಸದ್ದು. ಪಾಂಡುವಿಗೆ ಕೇಳಿಸಿರಲಿಕ್ಕಿಲ್ಲ. ನನಗೆ ಕೇಳಿತ್ತು, ನನ್ನನ್ನೇ ಕರೆದು ಹೇಳಿದ್ದು.

"ಸುಧಾ, ಸಾಕು ಮಾರಾಯ. ತಲೆ ತಿರುಗ್ತದೆ."

ವಿಗ್ ತೇಲಿದ್ದಕ್ಕೆ ನಾವೆಲ್ಲ ನಗುತ್ತಿದ್ದೆವು. "ಒಂದೇ ಸಲ ಮಾರಾಯ, ಬಿಸಿಲು ಹೋಗ್ತದೆ" ಅಂದೆ. ಅವನು ದೋಣಿ ಹತ್ತಿದ. ವಿಗ್ ಹಿಂಡಿ ನಾನೇ ತೊಡಿಸಿದೆ.

ಎರಡನೇ ಸಲ ಹಾರಿದವನು ಮೇಲೆ ಬರಲಿಲ್ಲ. ಮೂರನೆಯ ದಿನ ದಂಡೆಗೆ ಬಂದ.

ಕಾಲು ಜಾರಿತು, ಹಣೆಬರಹ — ಊರು ಹಾಗೆಂದಿತು. ನಾನೂ ತಲೆಯಾಡಿಸಿದೆ. ‘ಅವನ ನೆನಪಿಗಾದರೂ ಮುಗಿಸುವ’ ಎಂದರು ಎಲ್ಲರೂ. ಮೂರು ತಿಂಗಳ ಮೇಲೆ ಪಾಂಡುವಿನ ಕೋಣೆಯಲ್ಲಿ ಸುತ್ತ ಕಂಬಳಿ ಕಟ್ಟಿ ಡಬ್ಬಿಂಗ್. ಮೊದಲ ಸಲ ಹಾರಿದ್ದು ಹೇಗೂ ಕ್ಯಾಮರಾದಲ್ಲಿ ಇತ್ತು. ಅವನಿಗೆ ದನಿ ಕೊಟ್ಟವನು ನಾನು. ಟಿ.ವಿ.ಯಲ್ಲಿ ಅವನ ತುಟಿ ‘ಸಾಕು’ ಅನ್ನುತ್ತಿತ್ತು. ಅದರ ಮೇಲೆ ಆ ಡೈಲಾಗ್ ಹಾಕಿದೆ.

ಪಾಂಡು, "ತುಟಿಗೆ ಕೂಡುದಿಲ್ಲ ಮಾರಾಯ."

"ಯಾರು ನೋಡ್ತ್ರು?" ಅಂದಿದ್ದೆ.

ಆಗಸ್ಟ್ 28

ಹನ್ನೆರಡು ದಿನ ಬರೆದಿಲ್ಲ. ದನಿ ಹೋಗಿದೆ. ಹರಾಜಿಗೆ ನಿಂತು ಬಾಯಿ ತೆರೆದರೆ ಗಾಳಿ ಮಾತ್ರ. ಕುಮಟೆಯ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. ಗಂಟಲಲ್ಲಿ ಎಂತದೂ ಇಲ್ಲ. ಸ್ವಲ್ಪ ದಿನ ಮಾತಾಡಬೇಡಿ ಅಂದರು. ಹದಿನೈದು ವರ್ಷದಿಂದ ಮಾಡಿದ್ದು ಅದನ್ನೇ.

ಬಂದರಿನಲ್ಲಿ ಎಲ್ಲರ ಬಾಯಲ್ಲೂ ಆ ಡೈಲಾಗ್. ಐಸ್ ಪ್ಲಾಂಟಿನ ಅನೂಪ ಚಾ ಕುಡಿಯುವಾಗ ಮೊಬೈಲ್ ಹಿಡಿದ. "ಸುಧಾಕರಣ್ಣ, ಒಂದ್ಸಲ ಹೇಳಿ, ರೆಕಾರ್ಡ್ ಮಾಡ್ತೆ." ಗಂಟಲು ತೋರಿಸಿ ಎದ್ದು ಬಂದೆ.

ಬೆಳಿಗ್ಗೆ ಮುಖ ತೊಳೆಯುವಾಗ ಕನ್ನಡಿಯಲ್ಲಿ ನನ್ನ ತುಟಿ ಆಡುತ್ತಿತ್ತು. ನಾನು ಏನೂ ಹೇಳುತ್ತಿರಲಿಲ್ಲ.

ಸೆಪ್ಟೆಂಬರ್ 2

ತಾಯಿ ಹೇಳಿದ್ದಕ್ಕೆ ವಿನೋದನ ತಂಗಿ ಪ್ರಿಯಾ ಫೋನ್ ಮಾಡಿದಳು. ಅವ್ವಿ ಕರೀತದೆ, ಇವತ್ತೇ ಬಾ ಅಂತದೆ. ಮಾವಿನಕುರ್ವೆಗೆ ಹೋದೆ.

"ನಿನ್ನೆ ಅವ್ವಿಗೆ ಮೊಬೈಲಲ್ಲಿ ತೋರಿಸ್ದೆ" ಎಂದಳು ಪ್ರಿಯಾ, ಬಾಗಿಲಲ್ಲೇ. "ನಾವೆಲ್ಲ ನಗಾಡಿದ್ದೇ ನಗಾಡಿದ್ದು. ಅಣ್ಣ ಎಷ್ಟು ಚಂದ ಕಾಣ್ತಾ ಅಲ್ದಾ? ಅವ್ವಿ ಮಾತ್ರ ನಗಲಿಲ್ಲ. ಅದನ್ನೇ ತಿರುಗಿಸಿ ತಿರುಗಿಸಿ ನೋಡ್ತದೆ."

ತಿಮ್ಮಿ ಅವ್ವಿಗೆ ಕಿವಿ ಹೋಗಿ ಆರು ವರ್ಷ. ಎದುರಿನವರ ಬಾಯಿ ನೋಡಿಯೇ ಮಾತು ತಿಳಿಯುತ್ತಾಳೆ. ನನಗೆ ಗೊತ್ತಿದ್ದದ್ದೇ. ಆದರೂ ಹೊಳೆದಿರಲಿಲ್ಲ… ಆ ಪಿಕ್ಚರಿನಲ್ಲಿ ಅವಳಿಗೆ ನನ್ನ ದನಿಯೇ ಇಲ್ಲ. ಬರೀ ಮಗನ ತುಟಿ.

ಎದುರು ಕೂರಿಸಿಕೊಂಡಳು.

"ಸಾಕು ಅಂದನಲ ಅಂವ. ನಿನ್ನ ಹೆಸರು ಹಿಡದು ಹೇಳ್ದ. ನಿಂಗೆ ಕೇಳಲಿಲ್ಲನಾ?"

ದನಿ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ತುಟಿ ಆಡಿಸಿದೆ — ಕೇಳಿತ್ತು ಅವ್ವಿ.

ಬೈಯಲಿಲ್ಲ. ಅಳಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತ ಕೂತಳು, ಇನ್ನೂ ಏನೋ ಬರಲಿಕ್ಕಿದೆ ಎನ್ನುವ ಹಾಗೆ. ಒಳಗೆ ಪ್ರಿಯಾ ಚಾಕ್ಕೆ ಸಕ್ಕರೆ ಎಷ್ಟು ಅಂತ ಕೇಳುತ್ತಿದ್ದಳು.

ಕೊನೆಗೆ ಅಂದಳು: "ಜನ ಅವನ ಬಾಯಿ ನೋಡಿ ಎಂತೆಂತದೋ ಬರೀತ್ರಂತೆ. ಸರಿಯಾದ್ದು ನೀನು ಬರಿ. ನಿನ್ನ ಹೆಸರು ಹಾಕಿ ಬರಿ."

ಚಾ ಕುಡಿಯದೆ ಬಂದೆ.

ಸೆಪ್ಟೆಂಬರ್ 3, ಸಂಜೆ ನಾಲ್ಕು

ಬರೆದೆ. ಆರು ಸಲ ಅಳಿಸಿ, ಕಡೆಗೆ ಇಷ್ಟು: "ಅವನು ಹೇಳಿದ್ದು — ಸುಧಾ, ಸಾಕು ಮಾರಾಯ, ತಲೆ ತಿರುಗ್ತದೆ. ಆ ಸುಧಾ ನಾನು. ಕೇಳಿಯೂ ಇನ್ನೊಂದು ಸಲ ಹಾರಿಸಿದೆ. ಅವನು ಸತ್ತ. ಇಲ್ಲಿರುವ ದನಿ ನನ್ನದು. ಸುಧಾಕರ, ಹೊನ್ನಾವರ."

ಪೋಸ್ಟ್ ಮಾಡಿ ಮೊಬೈಲ್ ಸುಚಿತಾಳ ಕೈಗೆ ಕೊಟ್ಟೆ. ಓದಿದಳು. ಮತ್ತೊಮ್ಮೆ ಓದಿದಳು.

"ಇಷ್ಟು ವರ್ಷ ನಾ ಯಾರ ಸಂಗಡ ಇದ್ದೆ?" ಅಂದಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಪೊಲೀಸರು ಬರಬಹುದು. ಬರಲಿ.

ಸೆಪ್ಟೆಂಬರ್ 6

ಯಾರೂ ಬರಲಿಲ್ಲ.

ಒಂಬತ್ತು ಸಾವಿರ ಲೈಕ್. ಎಲ್ಲಕ್ಕಿಂತ ಮೇಲೆ ಪಿನ್ ಮಾಡಿದ್ದಾರೆ — "ನಮ್ಮ ವಿನ್ನರ್!" ಕೆಳಗೆ ನಗುವ ಮುಖಗಳು, ಬೆರಳು ಸರಿಸಿದಷ್ಟೂ. "ಏನ್ ಡಾರ್ಕ್ ಕಾಮಿಡಿ ಗುರು." "ಕಥೆ ಕಟ್ಟಿದ್ರೆ ಹಿಂಗೆ ಕಟ್ಟಬೇಕು." "ಹೊನ್ನಾವರ ಅಂತ ಬೇರೆ ಹಾಕವ್ನೆ."

ಇದು ನಿಜ ಎಂದು ಬರೆದೆ. ಅದಕ್ಕೂ ನಕ್ಕರು.

ಸೆಪ್ಟೆಂಬರ್ 9, ಸೋಮವಾರ

ಮಾವಿನಕುರ್ವೆ. ತಿಮ್ಮಿ ಅವ್ವಿ ಜಗಲಿಯಲ್ಲಿ ಒಣಸಿಗಡಿ ಆರಿಸುತ್ತಿದ್ದಳು. ನನ್ನನ್ನು ಕಂಡು ಮೊರ ಬದಿಗಿಟ್ಟಳು.

"ಬರದ್ಯಾ?"

ತಲೆಯಾಡಿಸಿದೆ.

"ಜನ ಓದಿದ್ರಾ?"

ಓದಿದರು.

"ಎಂತ ಅಂದ್ರು?"

ಹೊಳೆಯ ಕಡೆ ತಿರುಗಿದೆ. ಅವಳು ಎದ್ದು ಬಂದು ನನ್ನ ಗಲ್ಲ ಹಿಡಿದಳು. ಒರಟು ಬೆರಳು, ಸಿಗಡಿಯ ವಾಸನೆ. ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಬಾಯಿ ಕಾಣುಹಂಗೆ ಹೇಳು. ಎಂತ ಅಂದ್ರು?"

ತುಟಿ ತೆರೆದೆ. ಅವರೆಲ್ಲ —