ಎಡಗಾಲಿನ ಬೂಟು

ಎಂಪಿಗಿ
ಆಗಸ್ಟ್ ೧೯, ಸೋಮವಾರ

ನನ್ನ ಪ್ರೀತಿಯ ಅದೋಚ್,

ಬೈಯಬೇಡ. ಬೈಯಲೇಬೇಕೆಂದಿದ್ದರೆ ಪೂರ್ತಿ ಓದಿದ ಮೇಲೆ ಬೈ. ನಿನ್ನ ಫೋನು ಬಂದಾಗಲೆಲ್ಲ ಎತ್ತದೆ ಕೂತದ್ದು ಕೆಲಸದ ಗಡಿಬಿಡಿಯಿಂದಲ್ಲ. ಎತ್ತಿದರೆ ನೀನು ಮಾತಾಡಗೊಡುವುದಿಲ್ಲ, ನಾನು ಹೂಂಗುಟ್ಟಿ ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ. ಗುಲುವಿಗೆ ಬರುವ ಬಸ್ಸಿನ ಡ್ರೈವರನ ಕೈಲಿ ಕಳಿಸುತ್ತಿದ್ದೇನೆ.

ಮೊದಲು ಸಣ್ಣ ವಿಷಯ ಹೇಳಿ ಮುಗಿಸುತ್ತೇನೆ. ಓವಿನೋ ಸಂತೆಯಲ್ಲಿ ನಾವಿಬ್ಬರೂ ಪ್ರಯಾಣಕ್ಕೆಂದು ಹಳೆ ಬೂಟುಗಳ ಗುಡ್ಡೆಯಲ್ಲಿ ಕೈಯಾಡಿಸಿ ಆರಿಸಿದ ಬೂಟು ನೆನಪಿದೆಯಲ್ಲ? ನನ್ನ ಜೋಡಿಯೇ ಗಟ್ಟಿಯೆಂದು ನೀನು ಕಣ್ಣು ಹಾಕಿದ್ದೆ. ಅದನ್ನು ನಿನಗೆ ಕಳಿಸೋಣವೆಂದಿದ್ದೆ, ಇಬ್ಬರ ಪಾದವೂ ಒಂದೇ ಅಳತೆಯಲ್ಲವೇ. ಆದರೆ ಎಡಗಾಲಿನದು ಕಳೆದುಹೋಗಿದೆ. ನೀನು ಬೇರೆ ಕೊಂಡುಕೋ.

ಇಷ್ಟು ಓದಿದಾಗಲೇ ನಿನಗೆ ತಿಳಿದಿರುತ್ತದೆ, ನಾನು ಬರುತ್ತಿಲ್ಲ.

ನಲವತ್ತೇಳನೇ ವಯಸ್ಸಿನಲ್ಲಿ ಸಂಬಳವಿಲ್ಲದ ಒಂದು ವರ್ಷದ ರಜೆ ಕೇಳಿದಾಗ ನೀರು ಸರಬರಾಜು ಕಚೇರಿಯ ನಮ್ಮ ಸಾಹೇಬರು, "ಲೋಕ ಎಲ್ಲಾ ಸುತ್ಕೊಂಡು ಬನ್ನಿ ಮೇಡಂ, ವಾಪಸ್ ಬಂದ್ಮೇಲೂ ಇದೇ ಪೈಪು ಸೋರ್ತಾ ಇರುತ್ತೆ" ಎಂದು ನಕ್ಕು ಸಹಿ ಹಾಕಿದ್ದರು. ನೀನು ನರ್ಸಿಂಗ್ ಶಾಲೆಯ ಪಾಠ ಬಿಟ್ಟು, ಬಾಡಿಗೆ ಮನೆಯನ್ನೂ ಬಿಟ್ಟುಕೊಟ್ಟೆ. ಕೊಲಂಬೊ, ಹನೋಯ್, ಒಸಾಕಾ, ಸಮುದ್ರದಾಚೆಯ ಪೆರು, ಕೊನೆಗೆ ಡಕಾರ್. ಮುಂದಕ್ಕೆ ಮಾತ್ರ ಹೋಗಬಹುದಾದ, ಹಿಂದಕ್ಕೆ ತಿರುಗಲಾಗದ ಟಿಕೆಟ್ಟು. "ನಮ್ಮ ವಯಸ್ಸಿನ ಹಾಗೇ ಕಣೇ ಇದು" ಎಂದು ನೀನು ಎಷ್ಟು ನಕ್ಕಿದ್ದೆ! ಆಮೇಲೆ ಮಾರ್ಚಿನಲ್ಲಿ ನನ್ನ ತಂಗಿ ಫ್ಲಾವಿಯಾ ಹೊಟ್ಟೆನೋವೆಂದು ತನ್ನ ಒಳ್ಳೆಯ ಚಪ್ಪಲಿ ಮೆಟ್ಟಿಕೊಂಡು ನಡೆದೇ ಆಸ್ಪತ್ರೆಗೆ ಹೋದಳು, ಚಪ್ಪಲಿ ಮಾತ್ರ ಚೀಲದಲ್ಲಿ ತಿರುಗಿ ಬಂತು. ನೀನು ಮಣ್ಣಿಗೆ ಬಂದಿದ್ದೆ, ಅದನ್ನು ಮತ್ತೆ ಬರೆಯಲಾರೆ.

ನಿನಗೆ ಗೊತ್ತಿಲ್ಲದ್ದು ಆಮೇಲಿನದು. ನಿಮ್ಮ ಕಡೆ ಈ ಪದ್ಧತಿ ಇಲ್ಲ. ನಮ್ಮಲ್ಲಿ ಸಾವಿನ ಕೊನೆಯ ಕಾರ್ಯ ಮಣ್ಣು ಮಾಡಿದ ದಿನ ಮುಗಿಯುವುದಿಲ್ಲ. ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಕಳೆದ ಮೇಲೆ ಕುಲದವರೆಲ್ಲ ಸೇರಿ, ಸತ್ತವರ ಜಾಗಕ್ಕೆ ಒಬ್ಬರನ್ನು ಕೂರಿಸುತ್ತಾರೆ. ಹೆಂಗಸು ಸತ್ತರೆ ಅವಳ ತವರಿನ ಒಬ್ಬಳಿಗೆ ಮರದ ತೊಗಟೆ ಬಡಿದು ಮಾಡಿದ ನಾರುಬಟ್ಟೆ ಉಡಿಸಿ, ಕೈಗೆ ಚಾಕು, ಬುಟ್ಟಿ ಕೊಡುತ್ತಾರೆ. ಅವತ್ತಿನಿಂದ ಸತ್ತವಳ ಮಕ್ಕಳಿಗೆ ಅವಳೇ ಅಮ್ಮ.

ಈ ಕಾರ್ಯ ಮುಗಿಯದೆ ನಾನು ದೂರ ಹೋಗುವಂತಿರಲಿಲ್ಲ. ಅದಕ್ಕೇ ಬೇಗ ಮಾಡಿ ಮುಗಿಸಿ ಎಂದು ಅಣ್ಣನ ಬೆನ್ನು ಬಿದ್ದವಳು ನಾನೇ. ಸೋದರತ್ತೆ ಮುಖ ಗಂಟಿಕ್ಕಿದಳು. "ಸತ್ತೋಳಿಗೇ ಬಸ್ಸು ಹಿಡಿಯೋ ಅವಸರ ಇಲ್ಲ, ಇವಳಿಗಿದೆ ನೋಡು" ಎಂದಳು. ಆದರೂ ಒಪ್ಪಿದರು. ನಾರುಬಟ್ಟೆ ನನಗೇ ಎಂದೂ ತೀರ್ಮಾನವಾಯಿತು. ನಾನು ಹೆದರಲಿಲ್ಲ. ಈಗಿನ ಕಾಲದಲ್ಲಿ ಅದು ಬರೀ ಹೆಸರಿಗೆ. ಉಟ್ಟುಕೊಂಡು, ಊಟ ಬಡಿಸಿ, ತಮ್ಮ ತಮ್ಮ ಊರಿಗೆ ಹೋದವರು ಬೇಕಾದಷ್ಟಿದ್ದಾರೆ. ಫ್ಲಾವಿಯಾಳ ಮಗಳು ನಾಮ್ಯಾಲೊ ಅಣ್ಣನ ಮನೆಯಲ್ಲಿ ಒಂದು ವರ್ಷ ಇರಲಿ, ಬಂದು ನೋಡಿಕೊಳ್ಳುತ್ತೇನೆ ಎಂದುಕೊಂಡಿದ್ದೆ. ಅವಳಪ್ಪ ಬೇರೆ ಸಂಸಾರ ಕಟ್ಟಿಕೊಂಡು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ, ಅದು ನಿನಗೆ ಗೊತ್ತಿದೆ.

ಈ ತಿಂಗಳ ಮೊದಲ ಶನಿವಾರ ಕಾರ್ಯವಾಯಿತು. ಅಂಗಳದ ತುಂಬ ಜನ, ಬಾಳೆ ಎಲೆಯಲ್ಲಿ ಬೇಯುತ್ತಿದ್ದ ಬಾಳೆಕಾಯಿ ಮಟೋಕೆಯ ಹಬೆ, ಡೋಲು. ಅಣ್ಣ ನನ್ನನ್ನು ಚಾಪೆಯ ಮೇಲೆ ನಿಲ್ಲಿಸಿದ. ಸೋದರತ್ತೆ ನಾರುಬಟ್ಟೆಯನ್ನು ನನಗೆ ಸುತ್ತಿ ಭುಜದ ಮೇಲೆ ಗಂಟು ಹಾಕುತ್ತಿದ್ದಳು. ಆಗ ಜನರ ಕಾಲುಗಳ ನಡುವಿನಿಂದ ಒಂದು ಚೀರು ಕೇಳಿತು.

ನಾಮ್ಯಾಲೊ. ಆರು ವರ್ಷದ ಕೂಸು. "ಬಿಚ್ರೀ! ಅದನ್ನ ಬಿಚ್ರೀ! ದೊಡ್ಡಮ್ಮ ಸತ್ತಿಲ್ಲ, ಉಸಿರಾಡ್ತಾ ಇದಾಳೆ!"

ಅದೋಚ್, ನಮ್ಮಲ್ಲಿ ಹೆಣವನ್ನು ಸುತ್ತುವುದೂ ಅದೇ ಬಟ್ಟೆಯಲ್ಲಿ. ಆ ಮಗು ತನ್ನ ಅಮ್ಮನನ್ನು ಕೊನೆಯ ಸಲ ನೋಡಿದ್ದು ಆ ಕೆಂಪುಮಣ್ಣಿನ ಬಣ್ಣದೊಳಗೆ. ಅಷ್ಟು ಜನ ದೊಡ್ಡವರಿದ್ದೆವು, ಒಬ್ಬರಿಗಾದರೂ ಅದು ಹೊಳೆಯಲಿಲ್ಲ. ಯಾರೋ ನಕ್ಕರು. ಯಾರೋ ಅವಳನ್ನು ಎತ್ತಿಕೊಂಡು ಆಚೆ ನಡೆದರು. ಅವಳು ಅವರ ಕೈ ಕಚ್ಚಿ ಇಳಿದು ಓಡಿಬಂದು, ನನ್ನ ಭುಜದ ಗಂಟು ಎಟುಕದೆ ಕೆಳಗಿನ ಅಂಚನ್ನೇ ಹಿಡಿದು ಜಗ್ಗಿದಳು. ನಾನು ಚಾಪೆಯ ಮೇಲೆಯೇ ಕೂತೆ. ಅವಳು ನನ್ನ ಮೂಗಿನ ಹತ್ತಿರ ಅಂಗೈ ಇಟ್ಟು ಉಸಿರು ಬರುತ್ತಿದೆಯೇ ಎಂದು ನೋಡಿದಳು.

ಸಂಜೆ ಸೋದರತ್ತೆ ಸುಮ್ಮನಿರಬಾರದೇ? "ಅಳ್ಬೇಡ್ವೇ, ನಿನ್ ಹೊಸ ಅಮ್ಮ ವಿಮಾನ ಹತ್ಕೊಂಡು ಹೋಗಿ ಗೊಂಬೆ ತರ್ತಾಳೆ" ಎಂದುಬಿಟ್ಟಳು. ಮಗು ನನ್ನ ಕಡೆ ತಿರುಗಿ, "ಚಪ್ಪಲಿ ಹಾಕ್ಕೊಂಡು ಹೋಗ್ತೀಯಾ?" ಎಂದು ಕೇಳಿತು. ನನಗೆ ಆಗ ಅರ್ಥವಾಗಲಿಲ್ಲ. ಹೂಂ ಎಂದೆ.

ಕಚೇರಿಗೆ ರಜೆ ಬೇಡವೆಂದು ಬರೆದುಕೊಟ್ಟೆ. ಇಲ್ಲಿ ಫ್ಲಾವಿಯಾಳ ಮನೆಯಲ್ಲೇ ಇದ್ದೇನೆ, ದಿನಾ ಕಂಪಾಲಾಗೆ ಹೋಗಿ ಬರುತ್ತೇನೆ. ಮುಂದಿನ ವರ್ಷ ನೋಡೋಣ ಎಂದು ಬರೆಯಲು ಪೆನ್ನು ಎತ್ತಿದ್ದೆ, ಬರೆಯಲಿಲ್ಲ. ಸುಳ್ಳಾಗುತ್ತದೆ. ನನಗೆ ಸಂಕಟವಿಲ್ಲವೆಂದುಕೊಳ್ಳಬೇಡ. ಹೊಟ್ಟೆ ಉರಿಯುತ್ತದೆ. ತಂಗಿಯ ಮೇಲೂ ಸಿಟ್ಟು ಬರುತ್ತದೆ, ಸತ್ತವಳ ಮೇಲೆ ಎಂಥ ಸಿಟ್ಟು ಹೇಳು. ತೊಂಬತ್ತು ಮನೆಯ ನಲ್ಲಿಯ ದೂರು ಕೇಳಿ ಬಂದು, ಮಗುವಿಗೆ ಗಂಜಿ ಕಾಯಿಸುವಾಗ ಒಸಾಕಾದಲ್ಲಿ ಈಗ ಎಷ್ಟು ಗಂಟೆಯಾಗಿರಬಹುದು ಎಂದು ಲೆಕ್ಕ ಹಾಕುತ್ತೇನೆ.

ನಾನು ಬರದಿದ್ದರೆ ನೀನೂ ಹೋಗುವುದಿಲ್ಲ ಎಂದು ಅಣ್ಣನಿಗೆ ಫೋನು ಮಾಡಿ ಹಟ ಹಿಡಿದಿದ್ದೀಯಂತೆ. ಹಾಗೆ ಮಾಡಬೇಡ ಕಣೇ. ನಿನ್ನನ್ನೂ ಇಲ್ಲಿ ಕಟ್ಟಿಹಾಕಿದ ಪಾಪ ನನಗೆ ಬೇಡ. ಮನೆಗೆ ಬಂದವರನ್ನು ಅರ್ಧ ದಾರಿಯವರೆಗಾದರೂ ಬಿಟ್ಟು ಬರುವ ಜನ ನಾವು, ನಿನ್ನನ್ನು ಎಂಟೆಬೆಯ ವಿಮಾನ ನಿಲ್ದಾಣದವರೆಗೂ ಬಿಡಲು ಬರುತ್ತೇನೆ. ನಾಮ್ಯಾಲೊಳನ್ನೂ ಕರೆತರುತ್ತೇನೆ. ವಿಮಾನ ಹಾರಿಹೋದ ಮೇಲೂ ನಾನು ನೆಲದ ಮೇಲೆಯೇ ನಿಂತಿರುವುದನ್ನು ಅವಳು ಕಣ್ಣಾರೆ ನೋಡಲಿ.

ಹುಷಾರಾಗಿರು. ಕಿಟಕಿಯ ಪಕ್ಕ ಕೂತುಕೋ.

ನಿನ್ನ
ಪ್ರಾಸ್ಕೋವಿಯಾ

ಮರೆತಿದ್ದು: ಬೂಟು ಕಳೆದಿಲ್ಲ. ಎಲ್ಲಿದೆಯೆಂದು ನನಗೆ ಗೊತ್ತು. ಮನೆಯ ಹಿಂದೆ ಫ್ಲಾವಿಯಾಳನ್ನು ಮಣ್ಣು ಮಾಡಿದ ಜಾಗದ ಪಕ್ಕ, ಬಾಳೆಯ ಬುಡದಲ್ಲಿ ನಾಮ್ಯಾಲೊ ಒಣಎಲೆ ಮುಚ್ಚಿ ಬಚ್ಚಿಟ್ಟಿದ್ದಾಳೆ. ದಿನಾ ಬೆಳಿಗ್ಗೆ ನಾನು ಅವಳೆದುರಿಗೆ ಮಂಚದ ಕೆಳಗೆ ಬಗ್ಗಿ ಹುಡುಕುತ್ತೇನೆ. "ಸಿಕ್ತಾ?" ಎನ್ನುತ್ತಾಳೆ. "ಇಲ್ವಲ್ಲೇ" ಎನ್ನುತ್ತೇನೆ. ಆಮೇಲೆ ಗಂಜಿ ಕುಡಿಯುತ್ತಾಳೆ. ಈಗ ಹೊರಗೆ ಮಳೆ ಶುರುವಾಗಿದೆ. ಅವಳು ನಿದ್ದೆಹೋಗಿದ್ದಾಳೆ, ಬೂಟು ನೆನೆಯುತ್ತಿದೆ. ನಾನು ಎದ್ದು ಹೋಗಿ ತರುತ್ತಿಲ್ಲ.