ಹೊರಗಿನ ಊಟ ಆಗದವಳು

ಮೈದಾನ್ ಹವಲ್ಲಿ, ಕುವೈತ್
೧೯ ಜುಲೈ ೧೯೯೦, ಗುರುವಾರ

ಪ್ರೀತಿಯ ಇವರಿಗೆ,

ಇವತ್ತು ಬೆಳಿಗ್ಗೆ ಇರಾನಿಯವನ ಬೇಕರಿಯ ಮುಂದೆ ಒಬ್ಬಾತ ಬಿಸಿ ಖುಬ್ಬೂಸ್ ರೊಟ್ಟಿಗಳನ್ನು ತನ್ನ ಕಾರಿನ ಬಾನೆಟ್ ಮೇಲೆ ಒಂದೊಂದಾಗಿ ಹರಡಿ ಆರಿಸುತ್ತಿದ್ದ. ಅಷ್ಟು ಹೊತ್ತಿಗೇ ಬಿಸಿಲಿಗೆ ಬಾನೆಟ್ ಕಾದಿತ್ತು. ರೊಟ್ಟಿ ಆರುತ್ತಿತ್ತೋ ಇನ್ನಷ್ಟು ಬೇಯುತ್ತಿತ್ತೋ ಗೊತ್ತಿಲ್ಲ. ಅದನ್ನು ನೋಡಿದ ಕೂಡಲೇ ನೀವಿರುವ ಊರಿನ ರೊಟ್ಟಿ ನೆನಪಾಯಿತು. ಕಾಫಿ ಕುಡಿಯುವ ಮೊದಲೇ ಹೊಟ್ಟೆಕಿಚ್ಚು ಶುರುವಾಯಿತು.

ಇರಲಿ, ಮೊದಲು ಕೇಳಬೇಕಾದ್ದನ್ನು ಕೇಳುತ್ತೇನೆ. ಕೆಮ್ಮು ಬಿಟ್ಟಿತೇ? ಹಾಸಿಗೆ ತುಂಬ ಮೆತ್ತಗಿದೆ, ಬೆನ್ನು ಹಿಡಿದುಕೊಂಡಿದೆ ಎಂದು ಬರೆದಿದ್ದಿರಿ. ಚಾಪೆಯಿಲ್ಲದಿದ್ದರೆ ನೆಲದ ಮೇಲೆ ಕಂಬಳಿ ಹಾಸಿ ಮಲಗಿ. ನಾನು ಚೆನ್ನಾಗಿದ್ದೇನೆ. ನಲ್ಲಿಯ ನೀರು ಮಧ್ಯಾಹ್ನದ ಮೇಲೆ ಮುಟ್ಟುವ ಹಾಗಿಲ್ಲ, ಬಕೆಟಿನಲ್ಲಿ ತುಂಬಿಸಿಟ್ಟು ಆರಿದ ಮೇಲೆ ಸ್ನಾನ. ಊರಿಂದ ಅತ್ತೆಯ ಪತ್ರ ಬಂದಿದೆ. ಅವರ ಮಂಡಿನೋವು ಇಳಿದಿದೆಯಂತೆ. ನೀವು ಸಪೂರ ಆಗಿದ್ದೀರಾ ಎಂದು ನನ್ನನ್ನು ಕೇಳಿದ್ದಾರೆ, ನಾನು ಇಲ್ಲಿಂದಲೇ ನೋಡಿ ಹೇಳಬೇಕು ಎಂಬ ಹಾಗೆ. ಇರಾಕಿನವರು ಎಣ್ಣೆಯ ವಿಷಯಕ್ಕೆ ಈ ದೇಶದ ಮೇಲೆ ಸಿಟ್ಟಾಗಿದ್ದಾರೆಂದು ಪೇಪರಿನಲ್ಲಿ ಬರುತ್ತಿದೆ. ಮೇಲಿನ ಮನೆಯ ಮಥಾಯಸ್ ಅವರು "ಅದು ಯಾವಾಗಲೂ ಇದ್ದದ್ದೇ, ನಾಲ್ಕು ದಿನ ಬೊಬ್ಬೆ, ಮತ್ತೆ ಖಲಾಸ್" ಎನ್ನುತ್ತಾರೆ. ನೀವು ಚಿಂತೆ ಮಾಡಬೇಡಿ.

ನಿಮ್ಮ ಕಂಪನಿ ಕಂಪ್ರೆಸರ್ ಕಲಿಯಲು ನಿಮ್ಮನ್ನು ಮೂರು ತಿಂಗಳು ಇಟಲಿಗೆ, ಅದೂ ರವೆನ್ನಾಕ್ಕೆ ಕಳಿಸುತ್ತದೆಂದು ತಿಳಿದ ದಿನ ನನ್ನ ಕೈಯಿಂದ ಸೌಟು ಬಿದ್ದದ್ದು ನಿಮಗೆ ನೆನಪಿರಬಹುದು. ಎಂ.ಎ. ಓದುವಾಗ ಲೈಬ್ರರಿಯ ಒಂದು ದೊಡ್ಡ ಪುಸ್ತಕದಲ್ಲಿ ಆ ಊರಿನ ಚರ್ಚುಗಳ ಗೋಡೆಗಳನ್ನು ನೋಡಿದ್ದೆ. ಸಾಸಿವೆಯಷ್ಟು ಸಣ್ಣ ಬಣ್ಣದ ಗಾಜಿನ ಚೂರುಗಳನ್ನು ಕೂಡಿಸಿ ಮಾಡಿದ ಚಿತ್ರಗಳು. ಆ ಪುಸ್ತಕವನ್ನು ಮನೆಗೆ ಕೊಡುತ್ತಿರಲಿಲ್ಲ, ಅಲ್ಲೇ ನಿಂತು ನೋಡಬೇಕು. ಹಾಗೆ ನಾನು ನಿಂತುಕೊಂಡು ನೋಡಿದ ಊರಿನಲ್ಲಿ ಈಗ ನೀವು ಮಲಗಿ, ಬೆನ್ನುನೋವು ಎನ್ನುತ್ತಿದ್ದೀರಿ.

ಮೊದಲ ಪತ್ರದಲ್ಲಿ, ಮನೆಯ ಯಜಮಾನಿ ಜೂಲಿಯಾನಾ ತುಂಬ ಒಳ್ಳೆಯವಳು, ಕೈಯಾರೆ ಬಡಿಸುತ್ತಾಳೆ ಎಂದು ಬರೆದಿರಿ. ಎರಡನೆಯದರಲ್ಲಿ ಇಬ್ಬರೂ ಸೈಕಲ್ ಹತ್ತಿ ಮೀನು ಮಾರ್ಕೆಟಿಗೆ ಹೋದಿರಿ. ಆಕೆಗೆ ಎಪ್ಪತ್ತು ದಾಟಿದೆ, ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎಂಬುದನ್ನು ಮೂರನೆಯದರಲ್ಲಿ ತಿಳಿಸಿದಿರಿ. ಇಷ್ಟು ಮುಖ್ಯವಾದ ಸಂಗತಿಯನ್ನು ಮೂರನೆಯ ಪತ್ರದವರೆಗೆ ಇಟ್ಟುಕೊಳ್ಳುವವರು ಯಂತ್ರ ಹೇಗೆ ರಿಪೇರಿ ಮಾಡುತ್ತೀರೋ ನಾನರಿಯೆ. ನನ್ನ ಹೊಟ್ಟೆಕಿಚ್ಚು ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಆ ಮುದುಕಿಯನ್ನು ಬಿಟ್ಟು ನಿಮ್ಮ ಮೇಲೆ ಬಂತು.

ಯಾಕೆಂದು ಹೇಳುತ್ತೇನೆ. ಜೂಲಿಯಾನಾ ಹಂದಿಯ ಕೊಬ್ಬು ಹಾಕಿ ಕಲಸಿದ ಮೈದಾದ ರೊಟ್ಟಿಯನ್ನು ಕಾವಲಿಯಿಂದ ತೆಗೆದು, ಬಿಸಿ ಇರುವಾಗಲೇ ಮೊಸರಿನಷ್ಟು ಮೆತ್ತಗಿನ ಚೀಸ್ ಸವರಿ, ಮೇಲೆ ಖಾರಖಾರದ ಒಂದು ಸೊಪ್ಪು ಇಟ್ಟು ಮಡಚಿ ಕೊಡುತ್ತಾಳಂತೆ. ಅದರ ಹೆಸರು ಪಿಯದೀನಾ. ಇದನ್ನು ಬರೆದವರು ನೀವಲ್ಲ. ನಿಮ್ಮ ಜೊತೆಗೇ ಹೋದ ಸ್ಟ್ಯಾನಿಯವರ ಹೆಂಡತಿ ಆಲಿವ್, ಮಥಾಯಸರ ಹೆಂಡತಿ ಸೂಸನ್‌ಗೆ ಅಲ್ಲಿಂದ ಫೋನಿನಲ್ಲಿ ಹೇಳಿದ್ದು. ನೀವು ಬರೆದದ್ದು "ಚಪಾತಿಯ ಹಾಗೆ ಒಂದು" ಎಂದು. ಕೋಳಿ ಸಾರಿನಲ್ಲಿ ತೇಲುವ, ಪುಟ್ಟ ಟೊಪ್ಪಿಯಂತೆ ಮಡಚಿದ, ಒಳಗೆ ಚೀಸ್ ತುಂಬಿದ ಕಪ್ಪೆಲ್ಲೆತ್ತಿ ನಿಮ್ಮ ಪತ್ರದಲ್ಲಿ "ಸಣ್ಣ ಕಡುಬು, ಉಪ್ಪು ಕಡಿಮೆ" ಆಗಿದೆ. ಆ ಸೀಮೆಯ ಕೆಂಪು ವೈನ್ ಸಾಂಜೊವೇಸೆಯನ್ನು ಊರವರು ಊಟದ ಜೊತೆ ನೀರಿನ ಹಾಗೆ ಇಟ್ಟುಕೊಳ್ಳುತ್ತಾರಂತೆ. ಅದಕ್ಕೆ ನಿಮ್ಮ ತೀರ್ಪು, "ಇದಕ್ಕಿಂತ ನಮ್ಮ ಪುನರ್ಪುಳಿ ಶರಬತ್ತು ಮೇಲು." ಅದನ್ನು ಓದಿದ ದಿನ ನಾನು ಕಪ್ಪು ದ್ರಾಕ್ಷಿ ತಂದು, ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು, ಸಿಪ್ಪೆಯನ್ನು ಮಾತ್ರ ನಿಧಾನಕ್ಕೆ ಜಗಿದೆ. ಮದ್ಯವಿಲ್ಲದ ಈ ದೇಶದಲ್ಲಿ ವೈನಿಗೆ ಅಷ್ಟು ಹತ್ತಿರ ಮಾತ್ರ ಹೋಗಬಹುದು. ಆ ಸೊಪ್ಪು ಇಲ್ಲಿಯ ಜರ್ಜೀರೇ ಇರಬೇಕೆಂದು ಊಹಿಸಿ, ಖುಬ್ಬೂಸಿಗೆ ಲಬ್ನೆಯ ಗಟ್ಟಿ ಮೊಸರು ಸವರಿ, ಜರ್ಜೀರ್ ಇಟ್ಟು ಮಡಚಿ ತಿಂದೆ. ಚೆನ್ನಾಗಿತ್ತು. ಚೆನ್ನಾಗಿಲ್ಲದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಊಟ ಹೋಗಲಿ, ಕಣ್ಣಾದರೂ ಇದೆಯಲ್ಲ ಎಂದು ಸಾಲ್ಮಿಯಾದ ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕ ಗೈಡ್ ನೋಡಿ, ಏನೇನು ನೋಡಬೇಕೆಂದು ನಿಮಗೆ ಬರೆದೆ. ಒಂದು ಸಣ್ಣ ಇಟ್ಟಿಗೆಯ ಕಟ್ಟಡವಿದೆ, ಒಳಗೆ ತಲೆಯೆತ್ತಿದರೆ ಕಡುನೀಲಿ ಮಾಡು, ತುಂಬ ಬಂಗಾರದ ನಕ್ಷತ್ರ, ಕಿಟಕಿಗಳಿಗೆ ಗಾಜಿನ ಬದಲು ಬೆಳಕು ಸೋಸುವ ತೆಳು ಕಲ್ಲು ಎಂದು. ನೀವು ಹೋದಿರಿ. "ಹೊರಗಿನಿಂದ ಗೋದಾಮು, ಒಳಗೆ ಕತ್ತಲೆ, ಬೇಗ ಹೊರಗೆ ಬಂದೆ" ಎಂದು ಬರೆದಿರಿ. ಕತ್ತಲೆಗೆ ಕಣ್ಣು ಒಗ್ಗುವವರೆಗೆ ನಿಲ್ಲಬಾರದಿತ್ತೇ? ಇನ್ನೊಂದು ಚರ್ಚಿನ ಗೋಡೆಯಲ್ಲಿ ಅರಮನೆಯ ಚಿತ್ರವಿದೆ. ಕಂಬಗಳ ನಡುವೆ ನಿಂತಿದ್ದ ಜನರನ್ನು ಮುಂದೆ ಅಧಿಕಾರಕ್ಕೆ ಬಂದವರು ಅಳಿಸಿ, ಅಲ್ಲಿ ಪರದೆಯ ಚಿತ್ರ ಬಿಡಿಸಿದರು. ಆದರೆ ಕಂಬಗಳ ಮೇಲೆ ಕೆಲವರ ಕೈಗಳು ಹಾಗೇ ಉಳಿದಿವೆ, ಅವನ್ನು ಹುಡುಕಿ ಎಂದು ಬೇಡಿಕೊಂಡಿದ್ದೆ. "ಕೈ ಕಾಣಲಿಲ್ಲ. ಒಳಗೆ ತಂಪಾಗಿತ್ತು." ಮತ್ತೊಂದು ಕಡೆ ನೆಲಮಾಳಿಗೆಯಲ್ಲಿ ನೀರು ನಿಂತು, ಹಳೆಯ ಚಿತ್ರದ ನೆಲದ ಮೇಲೆ ಕೆಂಪು ಮೀನುಗಳು ಈಜುತ್ತವೆ. ಅದರ ಬಗ್ಗೆ ಮಾತ್ರ ನೀವು ಒಂದು ಪುಟ ಬರೆದಿರಿ. ನನಗೆ ಎಷ್ಟು ಖುಷಿಯಾಯಿತು. ಓದಿದರೆ ಅಲ್ಲಿಗೆ ಯಾವ ಪಂಪ್ ಇಟ್ಟರೆ ನೀರನ್ನು ಒಂದೇ ದಿನದಲ್ಲಿ ಖಾಲಿ ಮಾಡಬಹುದು ಎಂಬ ಲೆಕ್ಕ.

ಇವೆಲ್ಲವನ್ನೂ ನಾನು ನಗುತ್ತಲೇ ಸಹಿಸುತ್ತಿದ್ದೆ. ಕಳೆದ ಶುಕ್ರವಾರದವರೆಗೆ.

ಅಂದು ಸೂಸನ್ ಅವರ ಮಗಳು ಪ್ರೀಮಾಳ ಹುಟ್ಟುಹಬ್ಬ. ನಾನು ಎಂದಿನಂತೆ ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ ಕೂತಿದ್ದೆ. ಮಥಾಯಸ್ ಅವರು ತಟ್ಟೆ ಹಿಡಿದುಕೊಂಡು ಬಂದು ನನ್ನ ಮುಂದೆಯೇ ನಿಂತರು. ಮಿರ್ಕಾಬಿನ ನಿಮ್ಮ ಆಫೀಸಿನಲ್ಲಿ ಟಿಕೆಟು, ವೀಸಾ ನೋಡಿಕೊಳ್ಳುವವರು ಅವರೇ ತಾನೇ. "ಅಲ್ಲ ರಾಜೀವಿಯವರೇ, ನಿಮಗೆ ಹೊರಗಿನ ಊಟ ಮುಟ್ಟಿದ್ರೆ ವಾಂತಿ ಅಂತ ಯಶೋಧರ ಹೇಳಿದ್ರು. ಮತ್ತೆ ಇದೆಂತದು, ಮೂರು ಸಮೋಸ ಆಯ್ತಲ್ಲ ಮಾರಾಯ್ರೆ" ಎಂದರು. ಎಲ್ಲರೂ ನಕ್ಕರು. ನನಗೆ ಅರ್ಥವಾಗಲಿಲ್ಲ. ಆಗ ಅವರೇ ಬಿಡಿಸಿ ಹೇಳಿದರು. ಸ್ಟ್ಯಾನಿಗೂ ನಿಮಗೂ ಕಂಪನಿ ಹೆಂಡತಿಯ ಟಿಕೆಟ್ ಕೊಟ್ಟಿತ್ತು. ಸ್ಟ್ಯಾನಿ ಆಲಿವನ್ನು ಕರೆದುಕೊಂಡು ಹೋದರು. ನೀವು, ಅವಳಿಗೆ ಹೊರಗಿನ ಊಟ ಆಗುವುದಿಲ್ಲ, ಹೊಸಬರ ನಡುವೆ ಬೆರೆಯುವುದಿಲ್ಲ, ಅವಳು ಬರುವುದಿಲ್ಲ ಎಂದಿರಿ. ಸೂಸನ್ ಕೇಕ್ ಕತ್ತರಿಸುತ್ತಲೇ, "ಅಯ್ಯೋ ದೇವಾ, ನನಗೆ ಟಿಕೆಟ್ ಕೊಟ್ಟಿದ್ರೆ ಚಪ್ಪಲಿ ಹುಡುಕ್ಲಿಕ್ಕೂ ನಿಲ್ತಿರ್ಲಿಲ್ಲ. ಇವಳೊಂದು ಪಾಪ" ಎಂದರು. ನಾನು ಆಲಿವ್ ಮೇಲೆ ಇಷ್ಟು ದಿನ ಪಟ್ಟ ಅಸೂಯೆ, ಅವಳ ಅದೃಷ್ಟ ದೊಡ್ಡದು ಎಂದು. ನನ್ನದೂ ಅಷ್ಟೇ ದೊಡ್ಡದಿತ್ತು ಎಂದು ಸಮೋಸ ಬಾಯಲ್ಲಿರುವಾಗ ತಿಳಿಯಿತು.

ಯಾರಿಗೆ ಹೊರಗಿನ ಊಟ ಆಗುವುದಿಲ್ಲ ಹೇಳಿ? ಸೂಟ್‌ಕೇಸಿನಲ್ಲಿ ಕುಚ್ಚಲಕ್ಕಿಯೂ ಮಿಡಿ ಉಪ್ಪಿನಕಾಯಿಯೂ ತುಂಬಿಸಿಕೊಂಡು ಹೋದವರು ಯಾರು? ಸ್ಟ್ಯಾನಿಯವರ ಮನೆಯಲ್ಲಿ ಕ್ರಿಸ್‌ಮಸ್ ಊಟ ಮುಗಿಸಿ ಬಂದು, "ಸ್ವಲ್ಪ ಗಂಜಿ ಇದೆಯಾ" ಎಂದವರು ಯಾರು? ನಿಮ್ಮ ಹೊಟ್ಟೆಯನ್ನು ನೀವು ನನ್ನ ಹೆಸರಿಗೆ ಬರೆದುಕೊಟ್ಟಿದ್ದೀರಿ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ ಎಂದು ಬಲ್ಲೆ. ನಮ್ಮ ಕಡೆಯ ಗಂಡಸರು ಹೀಗೇ. ನೀವು ನನ್ನನ್ನು ನೋಡಲು ಬಂದಾಗ ನಿಮ್ಮಕ್ಕ "ಹುಡುಗಿಗೆ ದೂರ ಹೋಗಲು ಮನಸ್ಸುಂಟಾ" ಎಂದು ಕೇಳಿದರು. ನಾನು ಅಲ್ಲೇ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಅಪ್ಪ "ಉಂಟು, ಉಂಟು" ಎಂದರು. ಅಂದು ಅಪ್ಪನ ಉತ್ತರವೂ ನನ್ನ ಉತ್ತರವೂ ಒಂದೇ ಆಗಿದ್ದರಿಂದ ನನಗೆ ಏನೂ ಅನಿಸಲಿಲ್ಲ. ಮಾತು ಕಡಿಮೆ ಆಡುವವಳಿಗೆ ಆಸೆಯೂ ಕಡಿಮೆ ಎಂದು ನೀವೂ ಅಂದುಕೊಂಡಿರಿ. ನನ್ನ ಆಸೆ ಎಷ್ಟಿದೆ ಎಂದರೆ, ನೀವು ಉಪ್ಪು ಕಡಿಮೆ ಎಂದು ಬಿಟ್ಟ ಆ ತಟ್ಟೆಯ ಮೇಲೂ ನನಗೆ ಅಸೂಯೆ. ಅದು ಆ ಊರಿನಲ್ಲಿತ್ತಲ್ಲ.

ಹೆಚ್ಚು ಬರೆದೆ, ಬೇಸರಿಸಬೇಡಿ. ಸ್ಟ್ಯಾನಿಯವರಿಗೂ ಆಲಿವ್‌ಗೂ ನನ್ನ ನೆನಪು ಹೇಳಿ. ಜೂಲಿಯಾನಾ ಅಜ್ಜಿಗೆ ನಮಸ್ಕಾರ. ಕಿವಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿ. ಕಟೀಲಮ್ಮ ನಿಮ್ಮನ್ನು ಕಾಪಾಡಲಿ.

ನಿಮ್ಮ
ರಾಜೀವಿ

ಮರೆತಿದ್ದು: ಸೂಸನ್ ಅಂಚೆ ಕಚೇರಿಗೆ ಹೊರಟು ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಭಾನುವಾರ ಒಬ್ಬಳೇ ಬಸ್ಸು ಹತ್ತಿ ಮಿರ್ಕಾಬಿಗೆ ಹೋಗಿದ್ದೆ. ಆ ಟಿಕೆಟ್ ಆಗಸ್ಟ್ ಕೊನೆಯವರೆಗೆ ನಡೆಯುತ್ತದಂತೆ. "ಯಶೋಧರರನ್ನು ಒಂದು ಮಾತು ಕೇಳುವುದು ಬೇಡವಾ?" ಎಂದರು ಮಥಾಯಸ್. ಬೇಡ ಎಂದೆ. ಅವರ ಮುಂದೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಪಾಸ್‌ಪೋರ್ಟ್ ಅವರ ಕೈಗೆ ಕೊಟ್ಟು ಬಂದಿದ್ದೇನೆ, ವೀಸಾ ಮುಂದಿನ ವಾರ ಆಗುತ್ತದೆ. ಆಗಸ್ಟ್ ನಾಲ್ಕು, ಶನಿವಾರ ಹೊರಡುತ್ತೇನೆ. ರೋಮಿನಿಂದ ರೈಲು, ದಾರಿ ಕೇಳಿಕೊಂಡು ಬರುತ್ತೇನೆ, ನೀವು ರಜೆ ಹಾಕಬೇಕಾಗಿಲ್ಲ. ಹಗಲು ನೀವು ತರಬೇತಿಗೆ ಹೋಗಿ, ಊರನ್ನು ನಾನೊಬ್ಬಳೇ ನೋಡುತ್ತೇನೆ. ಸಂಜೆ ಬಿಡುವಿದ್ದರೆ ಬನ್ನಿ, ನಿಮಗೂ ತೋರಿಸುತ್ತೇನೆ.