ದಡಿಯನ ಊಟಕ್ಕೆ ಹೊಲಿದ ತೋಳು

ಪಶು ಆಸ್ಪತ್ರೆಯ ಹೊರಗಿನ ಬೆಂಚು,
ಹದಿನಾಲ್ಕನೇ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಡಗಿನ ಇಂಜಿನ್ ಸದ್ದಿಗೆ ಕಿವಿಯೊಳಗೆ ಗುಂಯ್ ಅನ್ನುತ್ತೆ ಅಂದಿದ್ದೆಯಲ್ಲ, ಕಮ್ಮಿ ಆಯಿತಾ? ಹತ್ತಿ ಇಟ್ಟುಕೋ, ಯಾರು ನಕ್ಕರೂ ನಗಲಿ. ನಾವು ಚೆನ್ನಾಗಿದ್ದೇವೆ ಅಂತ ಬರೆಯೋಕೆ ಹೊರಟೆ, ಕೈ ಓಡುತ್ತಿಲ್ಲ. ಮೇಲೆ ಬರೆದ ಜಾಗ ನೋಡಿ ನಿನಗೇ ಗೊತ್ತಾಗಿರುತ್ತೆ. ನಿನ್ನ ನಾಯಿ ದಡಿಯನನ್ನು ಹೊಟ್ಟೆಯ ಎಕ್ಸ್‌ರೇ ತೆಗೆಯೋಕೆ ಒಳಗೆ ಕರಕೊಂಡು ಹೋಗಿದ್ದಾರೆ. ನಿಮ್ಮ ಕಂಪನಿಯ ಟಪಾಲು ಚೀಲ ಮಧ್ಯಾಹ್ನ ಹೊರಡುತ್ತೆ, ತಪ್ಪಿದರೆ ಇನ್ನು ಹದಿನೈದು ದಿನ. ಅದಕ್ಕೇ ಇಲ್ಲೇ ಕೂತು ಬರೆಯುತ್ತಿದ್ದೇನೆ. ಆಗಿದ್ದು ನನ್ನಿಂದಲೇ ನಿನಗೆ ಗೊತ್ತಾಗಲಿ. ಸ್ಕೂಲು ಅರ್ಧಕ್ಕೆ ಬಿಟ್ಟವಳ ಬರವಣಿಗೆ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ನೀನು ನಮ್ಮಲ್ಲಿ ಬಿಟ್ಟು ಹೋದ ಮೇಲೆ ಅವನು ತಟ್ಟೆ ಇಟ್ಟ ಕೂಡಲೇ ಗಬಗಬ ತಿಂದು ಮುಗಿಸಿ, ಆಮೇಲೆ ದಿನವಿಡೀ ಕೆಲಸವಿಲ್ಲದೆ ಕುರ್ಚಿ ಕಾಲು ಕಡಿಯುತ್ತಿದ್ದ, ಬಾಗಿಲ ಹತ್ತಿರ ಕೂತು ಊಳಿಡುತ್ತಿದ್ದ. ಇಲ್ಲಿನ ಡಾಕ್ಟರಮ್ಮನೇ ಹೇಳಿದ್ದು, "ಅವನಿಗೆ ಹೊಟ್ಟೆ ತುಂಬಿದೆ, ತಲೆ ಖಾಲಿ ಇದೆ. ಊಟ ಬಚ್ಚಿಡಿ, ಹುಡುಕಿ ತಿನ್ನಲಿ" ಅಂತ. ಬೇರೆಯವರಾಗಿದ್ದರೆ ರಟ್ಟಿನ ಡಬ್ಬದಲ್ಲೋ ಎಲ್ಲೋ ಇಡುತ್ತಿದ್ದರು. ನಾನು ಟೈಲರು, ನನಗೆ ಬಟ್ಟೆ ಬಿಟ್ಟು ಇನ್ನೇನು ಹೊಳೆಯುತ್ತೆ? ಚೂರುಬಟ್ಟೆ ಗಂಟು ಹಾಕಿ ಮಧ್ಯೆ ಅವನ ತಿಂಡಿ ಉದುರಿಸಿದೆ. ಎರಡೇ ದಿನಕ್ಕೆ ಕಲಿತ. ಮುಚ್ಚಳದ ಜೇಬು ಹೊಲಿದೆ, ಮೂಗಿನಲ್ಲೇ ಎತ್ತಿದ. ಗುಂಡಿ ಹಾಕಿದ ಜೇಬಿಗೆ ಮೂರು ದಿನ ತಲೆ ಕೆಡಿಸಿಕೊಂಡ. ಬಿಚ್ಚಿದ ದಿನ ಅದನ್ನು ಕಚ್ಚಿಕೊಂಡು ಮನೆಯೆಲ್ಲ ಮೆರೆದ. ಊಳಿಡೋದು ನಿಂತೇಹೋಯಿತು. ಇವರು ಮಾತ್ರ "ನನ್ನ ಅಂಗಿಗೆ ಒಂದು ಗುಂಡಿ ಹಾಕೋಕೆ ಮೂರು ವಾರ, ನಾಯಿ ಊಟಕ್ಕೆ ದಿನಕ್ಕೊಂದು ಡಿಸೈನು" ಅಂತ ಗೊಣಗುತ್ತಿದ್ದರು.

ಇವತ್ತು ನಿನ್ನ ಹಳೆ ಯೂನಿಫಾರಂ ಅಂಗಿಯ ತೋಳು ಕತ್ತರಿಸಿ, ಒಳಗೆ ತಿಂಡಿ ತುಂಬಿ, ಬಾಯಿಗೆ ಸಡಿಲ ಹೊಲಿಗೆ ಹಾಕುತ್ತಿದ್ದೆ. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಕೋಟಿನ ಅಳತೆಗೆ ಬಂದು ಕೂಗಿದರು. ಎದ್ದು ಹೋದೆ. ವಾಪಸ್ ಬಂದರೆ ತೋಳು ನೆಲದ ಮೇಲಿದೆ, ಬಾಯಿ ಹರಿದಿದೆ, ಒಳಗೆ ಒಂದು ಚೂರು ತಿಂಡಿಯಿಲ್ಲ. ದಾರ ನೇತಾಡುತ್ತಿದೆ, ಸೂಜಿ ಇಲ್ಲ. ಅಯಸ್ಕಾಂತ ಹಿಡಿದು ಇಡೀ ನೆಲ ಸವರಿದೆ, ಮೆಷಿನ್ ಕೆಳಗೆ ಮಲಗಿ ನೋಡಿದೆ. ಅವನು ಬಾಲ ಅಲ್ಲಾಡಿಸುತ್ತಾ ಇನ್ನೊಂದು ಕೊಡು ಅಂತ ನಿಂತಿದ್ದ. ಸೂಜಿ ಕತ್ತರಿ ಬಿದ್ದಿರೋ ಮನೆಯಲ್ಲಿ, ಬಟ್ಟೆಯೊಳಗೆ ಊಟ ಇರುತ್ತೆ ಅಂತ ಕಲಿಸಿದವಳು ನಾನೇ ಅಣ್ಣಾ. ಇವರು ಅವನನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದರು. "ಕುಲುಕಬೇಡಿ, ಚುಚ್ಚುತ್ತೆ" ಅಂತ ದಾರಿಯುದ್ದಕ್ಕೂ ಅವರ ಪ್ರಾಣ ತಿಂದೆ.

ಎರಡು ತಿಂಗಳಲ್ಲಿ ಬಂದು ಕರಕೊಂಡು ಹೋಗುತ್ತೀನಿ ಅಂತ ಬರೆದಿದ್ದೀಯ. ಯಾವ ಮುಖ ಇಟ್ಟುಕೊಂಡು ಒಪ್ಪಿಸಲಿ? ಒಳಗಿಂದ ಸದ್ದೇ ಇಲ್ಲ. ಬಾಗಿಲು ತೆಗೆದಾಗಲೆಲ್ಲ ಎದ್ದು ನಿಲ್ಲುತ್ತೇನೆ, ಬರೋದು ಯಾರದೋ ಬೆಕ್ಕು.

ಇಂಜಿನ್ ಹತ್ತಿರ ಹುಷಾರು. ಹೊತ್ತಿಗೆ ಸರಿಯಾಗಿ ಉಣ್ಣು. ಬೈಯೋದಿದ್ದರೆ ಪೂರ್ತಿ ಬೈ, ಉಳಿಸಿಕೊಳ್ಳಬೇಡ.

ನಿನ್ನ ತಂಗಿ,
ನೀನೇ ಇಟ್ಟ ಹೆಸರಿನ
ಗಾಬರಿ

ಲಕೋಟೆ ಅಂಟಿಸೋ ಮುಂಚೆ: ಸೂಜಿ ಸಿಕ್ಕಿತು. ನಾನು ಅಳುತ್ತಿದ್ದೆ ಅಂತ ಇವರು ಹೆಗಲ ಮೇಲೆ ಕೈ ಹಾಕಿದರು, ಹಾಕಿದವರೇ ಸ್ಸ್ ಅಂತ ಎಳಕೊಂಡರು. ನನ್ನ ಕಾಲರಿನಲ್ಲೇ ಇತ್ತು. ಮೇಷ್ಟ್ರ ಹೆಂಡತಿ ಕೂಗಿದಾಗ ದಾರ ಕತ್ತರಿಸಿ, ಅಭ್ಯಾಸಬಲ, ಅಲ್ಲೇ ಚುಚ್ಚಿಕೊಂಡಿದ್ದೇನೆ. ಎಕ್ಸ್‌ರೇಯಲ್ಲಿ ನಿನ್ನ ಅಂಗಿ ತೋಳಿನ ಚಿಕ್ಕ ಹಿತ್ತಾಳೆ ಗುಂಡಿ ಮಾತ್ರ ಇದೆಯಂತೆ, ತಾನಾಗೇ ಹೊರಗೆ ಬರುತ್ತೆ ಅಂದರು ಡಾಕ್ಟರಮ್ಮ. ಇನ್ನು ಅವನಿಗೆ ರಟ್ಟಿನ ಡಬ್ಬವೇ ಗತಿ. ಆದರೆ ಹೇಳಬೇಕಾದ್ದು ಇದಲ್ಲ. ಅವನನ್ನು ಕರಕೊಂಡು ಹೋಗಬೇಡ ಅಣ್ಣಾ. ಇವತ್ತಿನ ದಿನ ಇದನ್ನು ಕೇಳೋಕೆ ನನಗೆ ಬಾಯಿಲ್ಲ, ಗೊತ್ತು. ಇವರೂ ಬರಿ ಅಂದರು, ತಾನು ಹೇಳಿದ್ದು ಅಂತ ಮಾತ್ರ ಬರೆಯಬೇಡ ಅಂದರು. ಇಲ್ಲ ಅನ್ನೋದಾದರೆ ಕಾಗದದಲ್ಲಿ ಅನ್ನಬೇಡ. ಬಂದು, ಅವನು ಊಟ ಹುಡುಕೋದನ್ನು ಒಂದು ಸಲ ಕೂತು ನೋಡಿ, ಆಮೇಲೆ ಹೇಳು.